ವಂಕ ದಾಟದ ಜೀಪು

ತುಮ್ಮಗುಟ್ಟ, ಬೂದಿಕೋಟೆ ಹೋಬಳಿ
12 ಮೇ 2024

ಚಿರಂಜೀವಿ ಸುಧಾಕರನಿಗೆ ನಿನ್ನ ಮಾವ ಕೋದಂಡಪ್ಪ ಹರಸಿ ಬರೆಯುವ ಕಾಗದ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಮೊದಲ ಸಾಲು ಬರೆಯುವುದು ನನ್ನ ವಾಡಿಕೆ. ಈ ಸಲ ಆ ಸಾಲಿಗೆ ಕೈ ಬರಲಿಲ್ಲ, ಬಿಟ್ಟಿದ್ದೇನೆ.

ನೀನು ಫೋನು ಎತ್ತುತ್ತಿಲ್ಲವೆಂದು ನಿನ್ನ ಅತ್ತೆಗೆ ಬೇಜಾರು. ಎತ್ತಿದರೂ ನನಗೇನು ಬಂತು? ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬಂಡೆ ಕೊರೆಯುವ ಮಿಷನ್ನು ಹಿಡಿದು ಹಿಡಿದು ಹೋದ ಕಿವಿ ಇದು. ಎದುರು ನಿಂತು ಕೂಗಿದರೆ ಕೇಳುತ್ತದೆ. ಫೋನಿನೊಳಗೆ ಯಾರು ಮಾತಾಡಿದರೂ ಜೇನುಹುಳ ಗುಂಯ್‌ಗುಟ್ಟಿದ ಹಾಗೆ. ಅದಕ್ಕೇ ನನ್ನ ಮಾತೆಲ್ಲ ಕಾಗದದಲ್ಲಿ. ನೀನು ರಾಬರ್ಟ್‌ಸನ್‌ಪೇಟೆಯಲ್ಲಿ ಟೈರಿನ ಅಂಗಡಿ ಇಟ್ಟಾಗಲೂ ಕಾಗದವನ್ನೇ ಬರೆದಿದ್ದೆ. ಅದನ್ನು ನೀನು ಅರುಣಳಿಗೆ ತೋರಿಸಿ, "ನಿಮ್ಮಪ್ಪ ಟೈರಂಗ್ಡಿಗೂ ಮಂಗಳಾರತಿ ಪದ ಬರ್ದವ್ರೆ ನೋಡು" ಅಂತ ನಕ್ಕಿದ್ದೆಯಂತೆ. ಅವಳೇ ಬಂದು ನನ್ನ ಕಿವಿಯಲ್ಲಿ ಕೂಗಿ ಹೇಳಿದ್ದಳು, ಅವಳೂ ನಗುತ್ತಾ.

ಅವಳೂ ಹೊಟ್ಟೆಯಲ್ಲಿದ್ದ ಮಗುವೂ ಹೋಗಿ ಇದು ಎರಡನೆಯ ಬೇಸಿಗೆ. ವರ್ಷದ ಎಡೆ ಇಟ್ಟ ದಿನವೂ ನೀನು ಬರಲಿಲ್ಲ. ಯಾಕೆ ಅಂತ ಕೇಳುವುದಕ್ಕಲ್ಲ ಈ ಕಾಗದ.

ಜೀಪಿನ ವಿಷಯ ಬರೆಯಬೇಕಿತ್ತು. ಅದು ಹುಣಸೆಮರದ ಕೆಳಗೇ ನಿಂತಿದೆ. ಕಾರ್ತಿಕದ ಆ ಬೆಳಗ್ಗೆ ವಂಕದ ನೀರಿನಿಂದ ಎಳೆದು ತಂದು ನಿಲ್ಲಿಸಿದ ಮೇಲೆ ಯಾರೂ ಅದನ್ನು ಮುಟ್ಟಿಲ್ಲ. ಟೈರಿನ ಗಾಳಿ ಹೋಗಿ ಕುಂತುಬಿಟ್ಟಿದೆ. ಈಗ ಮತ್ತೆ ಮಳೆಗಾಲ ಬರುತ್ತದೆ. ನಮ್ಮೂರಿಗೂ ಬೂದಿಕೋಟೆಗೂ ನಡುವೆ ಹರಿಯುವ ಈ ವಂಕಕ್ಕೆ ಸೇತುವೆ ಬರುವುದನ್ನು ನಾನು ನೋಡಿ ಸಾಯುವುದಿಲ್ಲ, ಬಿಡು. ಊರಿನಲ್ಲಿ ಇನ್ನೂ ಬಸುರಿ ಹೆಣ್ಣುಮಕ್ಕಳಿದ್ದಾರೆ. ಮಳೆ ಬಂದ ದಿನ ಅವರನ್ನು ದಾಟಿಸಲು ನಮ್ಮ ಜೀಪೇ ಗತಿ. ಅದಕ್ಕೆ ದೊಡ್ಡ ಟೈರು ಹಾಕಿಸಬೇಕು. ಬೆಂಗಳೂರಿನಿಂದ ಕೆಸರಿನಲ್ಲಿ ಜೀಪು ಓಡಿಸಲು ಬರುತ್ತಾರಲ್ಲ, ಅವರಿಗೆ ನೀನು ಹಾಕಿಕೊಡುತ್ತಿದ್ದೆಯಲ್ಲ, ಅಂಥವು.

ಬಂದು ನೋಡಿಕೊಂಡು ಹೋಗು. ಜೀಪನ್ನೂ, ನಿನ್ನ ಅತ್ತೆಯನ್ನೂ.

ನಿನ್ನ ದಾರಿ ನೋಡುತ್ತಿರುವ
ಕೋದಂಡಪ್ಪ

*

ರಾಬರ್ಟ್‌ಸನ್‌ಪೇಟೆ
30 ಮೇ 2024

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ದೊಡ್ಡ ಟೈರು ಹಾಕುವ ಕೆಲಸ ಬಿಟ್ಟಿದ್ದೇನೆ. ಈಗ ಪಂಕ್ಚರು, ಗಾಳಿ ಅಷ್ಟೇ. ಬಂಗಾರಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬರು ಚೆನ್ನಾಗಿ ಮಾಡುತ್ತಾರೆ. ಅವರಿಗೆ ನಿಮ್ಮ ವಿಷಯ ಹೇಳಿರುತ್ತೇನೆ. ಅತ್ತೆಗೆ ಮಂಡಿ ನೋವು ಹೇಗಿದೆ?

ಇಂತಿ,
ಸುಧಾಕರ್

*

ತುಮ್ಮಗುಟ್ಟ
23 ಜೂನ್ 2024

ಚಿರಂಜೀವಿ ಸುಧಾಕರನಿಗೆ ಆಶೀರ್ವಾದ.

ನೀನು ಹೇಳಿದೆಯೆಂದು ಬಂಗಾರಪೇಟೆಗೆ ಹೋಗಿ ಬಂದೆ. ಜೊತೆಗೆ ಪಕ್ಕದ ಮನೆಯ ನರೇಶ. ಆ ದಿನ ಟ್ರ್ಯಾಕ್ಟರು ತಂದು ನಮ್ಮನ್ನು ನೀರಿನಿಂದ ಎಳೆದವನು. ಅವನನ್ನು ನೀನು ಮರೆತಿರಲಾರೆ. ನನ್ನ ಕಿವಿಗೆ ಅವನೇ ಮೈಕು.

ಆ ಅಂಗಡಿಯವನಿಗೆ ಮೀಸೆ ಈಗ ಮೂಡುತ್ತಿದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ತಾತಾ, ಈ ವಯಸ್ನಾಗೆ ಕೆಸರಾಟಕ್ಕೆ ಓಗ್ತೀರಾ?" ಅಂದನಂತೆ. ನರೇಶ ಅದನ್ನು ನನ್ನ ಕಿವಿಗೆ ಕೂಗಿದ. ಇಡೀ ಬೀದಿಗೆ ಕೇಳಿಸಿತು. ನಾನಂದೆ, "ಊನಪ್ಪ, ನಮ್ಮ ಮುದುಕೀನೂ ಪಕ್ಕದಾಗೆ ಕೂರಿಸ್ಕೊಂಡು ಓಗ್ತೀನಿ. ನೀ ಟೈರ್ ಆಕು." ಅವನು ನಕ್ಕು, "ಜೀಪು ಎಲ್ಲೈತೆ? ಎಷ್ಟು ಎತ್ರ ಬೇಕು?" ಅಂದ.

ಎಷ್ಟು ಎತ್ತರ ಬೇಕು? ಅವನಿಗೆ ವಂಕ ಗೊತ್ತಿಲ್ಲ, ಅದರ ಮರಳು ಗೊತ್ತಿಲ್ಲ, ಅಲ್ಲಿ ಜೀಪು ಹೇಗೆ ಕೂತಿತು ಅನ್ನುವುದು ಗೊತ್ತಿಲ್ಲ. ಗೊತ್ತಿರುವವನು ನೀನೊಬ್ಬನೇ. ನರೇಶ ಹೇಳಲು ಬಾಯಿ ತೆಗೆದ, ನಾನು ಅವನ ತೋಳು ಹಿಡಿದು ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಅವನು, "ಅಲ್ಲ ದೊಡ್ಡಪ್ಪ, ಟೈರಿಗೆ ಓಗಿದ್ದಾ, ಜಾತ್ಕ ತೋರ್ಸಕ್ಕೆ ಓಗಿದ್ದಾ?" ಅಂತ ಒಂದೇ ಸಮ ರೇಗಿಸಿದ. ನಗಬೇಕಾದ ಮಾತೇ. ಇಬ್ಬರೂ ನಗಲಿಲ್ಲ.

ಜೀಪನ್ನು ನರೇಶ ಟ್ರ್ಯಾಕ್ಟರಿಗೆ ಕಟ್ಟಿ ನಿನ್ನ ಅಂಗಡಿಗೇ ತರುತ್ತಾನೆ. ಬೇರೆ ಕೈ ಅದನ್ನು ಮುಟ್ಟುವುದು ನನಗೆ ಬೇಡ. ನಿನಗೆ ಆಗುವುದಿಲ್ಲವಾದರೆ ಅಂಗಡಿ ಮುಂದೆ ನಿಂತಿರಲಿ, ಇಲ್ಲಿ ಹುಣಸೆಮರದ ಕೆಳಗೆ ನಿಂತ ಹಾಗೆ.

ಅತ್ತೆಯ ಮಂಡಿ ಕೇಳಿದ್ದೀಯ. ನೋವಿದೆ. ನೀನು ಕೇಳಿದೆ ಅಂದಾಗ "ಎಣ್ಣೆ ತಿಕ್ಕೋಕೆ ಬತ್ತಾನಾ ಅವ್ನು?" ಅಂದಳು. ಅಂದವಳು ಆ ಸಾಲನ್ನು ಇನ್ನೊಂದು ಸಲ ಓದಿಸಿಕೊಂಡಳು.

ಹಟ ಬಿಡದ
ನಿನ್ನ ಮಾವ

*

ರಾಬರ್ಟ್‌ಸನ್‌ಪೇಟೆ
21 ಜುಲೈ 2024

ಪೂಜ್ಯ ಮಾವನವರಿಗೆ,

ನರೇಶ ಜೀಪು ತಂದ ದಿನ ವಾಪಸು ತೆಗೆದುಕೊಂಡು ಹೋಗು ಅಂದೆ. "ನಂಗೊತ್ತಿಲ್ಲಣ್ಣಾ, ನಿಮ್ಮಾವ ಬಿಟ್ಟು ಬಾ ಅಂದ್ರು, ಬಿಟ್ಟೆ" ಅಂದು ಹಗ್ಗ ಬಿಚ್ಚಿಕೊಂಡು, ಟೀ ಕೂಡ ಕುಡಿಯದೆ ಹೋದ. ಬಹಳ ದಿನ ಅದರ ಹತ್ತಿರ ಹೋಗಲಿಲ್ಲ. ಮುಂದಿನ ಅಂಗಡಿಯವರು ದಾರಿಗೆ ಅಡ್ಡವೆಂದು ಗೊಣಗಿದರು. ಕೊನೆಗೆ ಒಳಕ್ಕೆ ತಳ್ಳಲು ಬಾಗಿಲು ತೆಗೆದೆ. ಹಿಂದಿನ ಸೀಟಿನ ಮೇಲೆ ಆ ದಿನ ಹಾಸಿದ ಜಮಖಾನ ಹಾಗೇ ಇತ್ತು. ನೀವು ಒಗೆಸಿಲ್ಲ. ನಾನೂ ಒಗೆಸಲಿಲ್ಲ. ಮಡಚಿ ಇಟ್ಟಿದ್ದೇನೆ.

ಟೈರು ಹಾಕಿದ್ದೇನೆ. ಏನು ಮಾಡಿದ್ದೇನೆ ಅನ್ನುವುದು ನಿಮಗೆ ಗೊತ್ತಿರಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಮೊದಲಿದ್ದದ್ದು ಆರು–ಹದಿನಾರು. ಈಗ ಏಳು–ಹದಿನಾರು, ಎರಡಿಂಚು ಎತ್ತರ. ಅದಕ್ಕಿಂತ ದೊಡ್ಡದು ಹಾಕಿದರೆ ನೋಡಲು ಜೋರಾಗಿರುತ್ತದೆ, ಹಳೆಯ ಗಾಡಿಗೆ ತಡೆಯುವುದಿಲ್ಲ, ಆರ್‌ಟಿಒದವರೂ ಬಿಡುವುದಿಲ್ಲ. ಅಗಲ ಜಾಸ್ತಿಯಾದ್ದರಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಡೆ ಕಮಾನು ಪಟ್ಟಿಗೆ ಉಜ್ಜುತ್ತಿತ್ತು. ಅಲ್ಲಿ ತಡೆಯುವ ಬೋಲ್ಟನ್ನು ಸ್ವಲ್ಪ ಹೊರಕ್ಕೆ ತಂದಿದ್ದೇನೆ. ಆದ್ದರಿಂದ ಮೊದಲಿನ ಹಾಗೆ ಸಣ್ಣ ಜಾಗದಲ್ಲಿ ತಿರುಗುವುದಿಲ್ಲ. ನಿಮ್ಮ ಹುಣಸೆಮರದ ಹತ್ತಿರ ಒಂದು ಸಲ ಹಿಂದಕ್ಕೆ ತೆಗೆದುಕೊಂಡೇ ತಿರುಗಿಸಬೇಕು. ಮಡ್‌ಗಾರ್ಡಿನ ಅಂಚನ್ನು ಬಡಿದು ಮೇಲಕ್ಕೆ ಮಡಚಿದ್ದೇನೆ. ಮೀಟರು ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ಅದನ್ನು ನಂಬಬೇಡಿ. ಬ್ರೇಕನ್ನು ಮೊದಲಿಗಿಂತ ಮುಂಚೆ ತುಳಿಯಬೇಕು. ಸ್ಟೆಪ್ನಿಯೂ ಇದೇ ಅಳತೆಯದು.

ಗಾಡಿಯ ಮೈ ಎತ್ತರಿಸುವುದು ಬೇರೆ, ಅದರ ಹೊಟ್ಟೆ ಎತ್ತರಿಸುವುದು ಬೇರೆ ಮಾವ. ಕಮಾನಿಗೆ ಪಟ್ಟಿ ಸೇರಿಸಿದರೆ ಮೈ ಏಳುತ್ತದೆ. ಎರಡು ಚಕ್ರಗಳ ನಡುವೆ ಗಡಿಗೆಯ ಹಾಗೆ ಉಬ್ಬಿಕೊಂಡಿರುತ್ತದಲ್ಲ ಹೌಸಿಂಗು, ಅದು ಟೈರು ದೊಡ್ಡದಾದರೆ ಮಾತ್ರ ನೆಲದಿಂದ ಮೇಲೇಳುತ್ತದೆ. ಅದೂ ಅರ್ಧ ಮಾತ್ರ. ಟೈರು ಎರಡಿಂಚು ಎತ್ತರವಾದರೆ ಹೌಸಿಂಗು ಏಳುವುದು ಒಂದಿಂಚು.

ಆ ದಿನ ವಂಕದೊಳಗೆ ಕಲ್ಲಿನ ಮೇಲೆ ಕೂತದ್ದು ಆ ಹೌಸಿಂಗು. ಅದರ ಅಡಿಯಲ್ಲಿ ಉಜ್ಜಿದ ಗಾಯ ಇನ್ನೂ ಇದೆ. ಗಾಡಿಯ ಕೆಳಗೆ ಮಲಗಿ ಬೆರಳಿಟ್ಟು ನೋಡಿದೆ. ಆಳವಿಲ್ಲ. ಒಂದಿಂಚು ಸಾಕಾಗಿತ್ತು. ಎಷ್ಟೋ ಜನಕ್ಕೆ ಆಟವಾಡಲು ಒಂದಿಂಚು ಎತ್ತಿಕೊಟ್ಟ ಕೈ ಇದು. ನಿಮ್ಮ ಜೀಪು ಹಬ್ಬಹಬ್ಬಕ್ಕೂ ನನ್ನ ಕಣ್ಣೆದುರೇ ನಿಂತಿರುತ್ತಿತ್ತು.

ನರೇಶನನ್ನು ಕಳಿಸಿ, ಗಾಡಿ ಕೊಂಡೊಯ್ಯಲಿ.

ಸುಧಾಕರ್

*

ತುಮ್ಮಗುಟ್ಟ
11 ಆಗಸ್ಟ್ 2024

ಸುಧಾಕರಾ,

ನಿನ್ನ ಕಾಗದವನ್ನು ನಿನ್ನ ಅತ್ತೆಗೆ ಪೂರ್ತಿ ಓದಲಿಲ್ಲ. ಬ್ರೇಕಿನವರೆಗೆ ಓದಿ, ಅಷ್ಟೇ ಇದೆ ಅಂದೆ.

ಆ ಕಲ್ಲಿನ ಮಾತು ಹೇಳುತ್ತೇನೆ ಕೇಳು. ಹೋದ ವರ್ಷ ಎಡೆ ಇಟ್ಟ ಮರುದಿನ ಸುತ್ತಿಗೆ, ಚಾಣ ಹಿಡಿದುಕೊಂಡು ವಂಕಕ್ಕೆ ಹೋದೆ, ಆ ಕಲ್ಲನ್ನು ಒಡೆದುಹಾಕೋಣವೆಂದು. ನೆಲದ ಕೆಳಗೆ ಹೋಗಿ ಆಯಸ್ಸೆಲ್ಲ ಕಲ್ಲು ಒಡೆದವನು ನಾನು, ಇದೊಂದು ಎಷ್ಟರದು? ಹೋಗಿ ನೋಡಿದರೆ ಯಾವ ಕಲ್ಲು ಅಂತ ತಿಳಿಯಲಿಲ್ಲ. ಒಂದೊಂದು ಮಳೆಗೆ ವಂಕ ತನ್ನ ಕಲ್ಲು ಬದಲಾಯಿಸುತ್ತದೆ, ಮರಳು ಬದಲಾಯಿಸುತ್ತದೆ. ನೀರಿನೊಳಗೆ ನಿಂತು ಒಂದೊಂದಕ್ಕೂ ಕಾಲಿಟ್ಟು ನೋಡಿ, ಸುತ್ತಿಗೆ ಹೆಗಲ ಮೇಲೆ ಇಟ್ಟುಕೊಂಡು ವಾಪಸು ಬಂದೆ. ನೀನು ಯಾವ ಕಲ್ಲಿಗೆ ಒಂದಿಂಚು ಅಳೆಯುತ್ತಿದ್ದೀಯೋ ಆ ಕಲ್ಲು ಅಲ್ಲಿ ಇಲ್ಲ ಮಗನೆ.

ಒಂದಿಂಚು ಸಾಕಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಆಸ್ಪತ್ರೆ ಮುಟ್ಟಿದ್ದರೆ ಉಳಿಯುತ್ತಿದ್ದಳೋ, ಅದೂ ಗೊತ್ತಿಲ್ಲ. ಗೊತ್ತಿಲ್ಲ ಅಂದುಕೊಂಡು ಬೆಳಗ್ಗೆ ಏಳುವುದು ಕಷ್ಟ. ಇಲ್ಲಿ ನಾವಿಬ್ಬರೂ ಅದನ್ನೇ ಮಾಡುತ್ತಿದ್ದೇವೆ. ನೀನು ಜೊತೆಗಿದ್ದರೆ ಮೂವರಾಗುತ್ತಿದ್ದೆವು.

ಇನ್ನೊಂದು ವಿಷಯ. ನಿನ್ನ ಅಕ್ಕ ಶ್ಯಾಮಲ ಬೂದಿಕೋಟೆ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಕಂಡೂ ಕಾಣದ ಹಾಗೆ ಬಾಳೆಹಣ್ಣಿನ ಗಾಡಿಯ ಹಿಂದೆ ಸರಿದಳು. ನಾನೇ ಹೋಗಿ ಮಾತಾಡಿಸಿದೆ. ಈ ತಿಂಗಳ ಕೊನೆಗೆ ನಿನಗೆ ಮದುವೆಯಂತೆ, ಹುಡುಗಿ ಚಾಂಪಿಯನ್ ರೀಫ್ಸ್ ಕಡೆಯವಳಂತೆ. "ಅವ್ನು ಒಲ್ಲೆ ಅಂದ ಮಾವ, ನಾವೇ ಬಲವಂತ ಮಾಡಿದ್ವಿ, ನಿಮ್ಗೆ ಎಂಗೆ ಏಳದು ಅಂತ..." ಅಂದು ಸೆರಗು ಬಾಯಿಗಿಟ್ಟುಕೊಂಡಳು. ಹೇಳಲು ಕಷ್ಟವೇ. ನಾನು ಅವಳ ಕೈಗೆ ಬಾಳೆಹಣ್ಣು ಕೊಟ್ಟು ಬಸ್ಸು ಹತ್ತಿಸಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಮ್ಮಲ್ಲಿ ನಡೆದು ಬಂದದ್ದೊಂದಿದೆ, ಅದನ್ನು ತಪ್ಪಿಸಬೇಡ. ಎರಡನೆಯವಳಿಗೆ ಮೊದಲನೆಯವಳ ತವರೂ ತವರೇ. ಅವಳನ್ನು ಕರೆದು, ಮಡಿಲು ತುಂಬಿ, ಹೋದವಳ ಹೆಸರಿನ ಸವತಿ ಬಿಲ್ಲೆಯನ್ನು ಅವಳ ತಾಳಿಯ ಜೊತೆ ಪೋಣಿಸಿ, ಮಗಳೇ ಅಂತ ಕರೆದು ಕಳಿಸಬೇಕು. ನಿನ್ನ ಅತ್ತೆಯ ದೊಡ್ಡಕ್ಕ ತೀರಿಹೋದಾಗ ಅವಳ ಗಂಡನ ಎರಡನೆಯವಳು ಮುತ್ಯಾಲಮ್ಮ ಹಾಗೇ ಆ ತವರಿಗೆ ಮಗಳಾಗಿ ಬಂದಳು. ಬಂದವಳು ಹುಟ್ಟಿದ ಮಕ್ಕಳಿಗಿಂತ ಜೋರಾಗಿ ಹಲಸಿನ ಹಣ್ಣಿಗೆ ಜಗಳವಾಡಿದಳು. ನಮ್ಮತ್ತೆ ಸಾಯುವಾಗ ಬಾಯಿಗೆ ನೀರು ಬಿಟ್ಟವಳೂ ಅವಳೇ.

ದೀಪಾವಳಿಗೆ ನೋಂಪಿ ವ್ರತ ಇಟ್ಟುಕೊಂಡಿದ್ದೇವೆ. ಅರುಣ ಹೋದ ಮೇಲೆ ಮನೆಯಲ್ಲಿ ಕಜ್ಜಾಯಕ್ಕೆ ಎಣ್ಣೆ ಇಟ್ಟಿಲ್ಲ. ಈ ಸಲ ಇಡುತ್ತೇವೆ. ಅವಳನ್ನು ಕರೆದುಕೊಂಡು ಜೀಪಿನಲ್ಲಿ ಬಾ. ನರೇಶನನ್ನು ನಾನು ಕಳಿಸುವುದಿಲ್ಲ. ನೀನು ತರುವವರೆಗೆ ಜೀಪು ನಿನ್ನ ಹತ್ತಿರವೇ ಇರಲಿ.

ಬಾಗಿಲು ಹಾಕದ
ಕೋದಂಡಪ್ಪ

*

ರಾಬರ್ಟ್‌ಸನ್‌ಪೇಟೆ
15 ಸೆಪ್ಟೆಂಬರ್ 2024

ಪೂಜ್ಯ ಮಾವನವರಿಗೆ,

ಮದುವೆ ಬಂಗಾರಪೇಟೆಯ ದೇವಸ್ಥಾನದಲ್ಲಿ ನಾಲ್ಕು ಜನರ ನಡುವೆ ಆಯಿತು. ಅವಳ ಹೆಸರು ರಾಧಾಮಣಿ. ಒಳ್ಳೆಯವಳು. ನಾನು ಸುಮ್ಮನೆ ಕೂತರೆ ಅವಳೂ ಸುಮ್ಮನೆ ಕೂರುತ್ತಾಳೆ. ನಿಮಗೆ ಮೊದಲೇ ತಿಳಿಸಲಿಲ್ಲ, ಕ್ಷಮಿಸಿ.

ನೀವು ಬರೆದದ್ದನ್ನು ಅವಳಿಗೆ ಹೇಳಿದೆ. ಹೋಗೋಣ ಅಂದಳು. ನನ್ನಿಂದ ಆಗುವುದಿಲ್ಲ ಮಾವ. ಎರಡು ಸಲ ಹೊರಟೆ. ಬೂದಿಕೋಟೆ ದಾಟಿ ನಿಮ್ಮೂರಿನ ಮಣ್ಣು ರಸ್ತೆಗೆ ಬಿದ್ದ ಕೂಡಲೇ ಗಾಡಿ ಹಿಂದಕ್ಕೆ ತಿರುಗಿಸಿಬಿಡುತ್ತೇನೆ. ಅರುಣಳನ್ನು ದಾಟಿಸಲಾಗದ ನೀರಿನ ಮೇಲೆ ಇನ್ನೊಬ್ಬಳನ್ನು ದಾಟಿಸಿಕೊಂಡು ಬಂದು, ಯಾವ ಮುಖವಿಟ್ಟುಕೊಂಡು ಅತ್ತೆಯ ಎದುರು ನಿಲ್ಲಲಿ?

ನಮ್ಮನ್ನು ಬಿಟ್ಟುಬಿಡಿ. ಮರೆತುಬಿಡಿ.

ಸುಧಾಕರ್

*

ತುಮ್ಮಗುಟ್ಟ
29 ಸೆಪ್ಟೆಂಬರ್ 2024

ಸುಧಾಕರಾ, ಇದು ನಿನ್ನ ಅತ್ತೆ ಮುನಿಗಂಗಮ್ಮ ಹೇಳಿ ನನ್ನಿಂದ ಬರೆಸಿದ್ದು. ಒಂದಕ್ಷರ ಆಚೆ ಈಚೆ ಮಾಡಕೂಡದೆಂದು ಎದುರಿಗೇ ಕೂತಿದ್ದಾಳೆ.

ಲೇ ಸುಧಾ, ನಿಮ್ಮಾವಂಗೆ ನಾನೇಳ್ದಂಗೆ ಬರಿ, ನಡುವೆ ನಿನ್ ಪಂಡಿತ್ಕೆ ಸೇರಿಸ್ಬ್ಯಾಡ ಅಂದಿವ್ನಿ. ಮರ್ತುಬಿಡಿ ಅಂತ ಬರ್ದಿದ್ದೀಯಂತೆ. ನೀನು ನಂಗೆ ಅಳಿಯ ಆಗಿದ್ದು ಮೊನ್ನೆ ಕಣ್ಲಾ. ಅದ್ಕೆ ಮುಂಚೆ ನೀನು ನಮ್ಮಣ್ಣನ ಮಗ. ನಿಮ್ಮವ್ವಂಗೆ ಜರ ಬಂದಾಗ ನನ್ ಸೊಂಟದ ಮ್ಯಾಲೆ ಬೆಳ್ದೋನು. ನನ್ ಸೀರೆ ಮ್ಯಾಲೆ ಉಚ್ಚೆ ಉಯ್ದೋನು ನಂಗೆ ಮುಖ ತೋರ್ಸಕ್ಕೆ ನಾಚ್ಕೆ ಅಂತೀಯಾ?

ನಿನ್ ಎಂಡ್ತಿ ಸತ್ಲು ಅಂತ ಊರೆಲ್ಲ ನಿನ್ ಕಡೆ ನೋಡಿ ಅತ್ರು. ನನ್ ಮಗಳೂ ಸತ್ಲು. ನೀನು ಒಂದ್ಕಿತ ಬಂದು ನನ್ ಪಕ್ಕ ಕುಂತು ಅಳ್ಲಿಲ್ಲ. ಅದು ನಂಗೆ ಸಂಕ್ಟ. ಬೇರೆ ಏನೂ ಇಲ್ಲ.

ಇನ್ನೊಂದು ಮಾತು, ನಿಮ್ಮಾವಂಗೂ ಏಳಿಲ್ಲ. ಆವತ್ತು ನೀನು ಗಾಡಿ ಇಳ್ದು ಎದೆ ನೀರು ಮುಟ್ಟಂಗೆ ಬಗ್ಗಿ ತಳ್ತಾ ಇದ್ದೆ. ನಾನು ಹಿಂದೆ ಅವ್ಳ ತಲೆ ತೊಡೆ ಮ್ಯಾಲೆ ಇಟ್ಕೊಂಡಿದ್ದೆ. ನಿಂಗೆ ಕಂಡಿದ್ದು ನೀರು, ನಂಗೆ ಕಂಡಿದ್ದು ಅವ್ಳ ಮುಖ. ಅವ್ಳು ಕಣ್ ಬಿಟ್ಟು ಕೇಳಿದ್ದು ಒಂದೇ, "ಬಾವ ನೆನ್ದೋದ್ನಾ ಅವ್ವಾ?" ಅಂತ. ಊ ಕಣವ್ವ, ಬಂದು ಒರಸ್ಕೊಂತಾನೆ ಬಿಡು ಅಂದೆ. ಅಷ್ಟೇ ಅವ್ಳು ಮಾತಾಡಿದ್ದು. ಆಮ್ಯಾಕೆ ಮಾತಾಡ್ಲಿಲ್ಲ.

ಅವ್ಳಿಗೆ ನಿನ್ ಮ್ಯಾಲೆ ಕ್ವಾಪ ಇರ್ಲಿಲ್ಲ. ನಂಗೂ ಇಲ್ಲ. ಆ ಎಣ್ಮಗೀನ ಕರ್ಕೊಂಡ್ ಬಾ. ನೋಂಪಿ ದಾರ ಕಟ್ತೀನಿ.

(ಇಲ್ಲಿಗೆ ನಿಲ್ಲಿಸಿ ಎದ್ದು ದನದ ಕೊಟ್ಟಿಗೆಗೆ ಹೋದಳು. ಹೆಸರು ಹಾಕು ಅಂದಳು, ಹಾಕಿದ್ದೇನೆ.)

ಮುನಿಗಂಗಮ್ಮ

*

ತುಮ್ಮಗುಟ್ಟ
4 ನವೆಂಬರ್ 2024

ಸುಧಾಕರಾ,

ನೀನು ಬಂದೆ. ವಂಕದ ಆಚೆ ದಡದವರೆಗಾದರೂ ಬಂದೆ. ಈಚೆ ದಡದಲ್ಲಿ ಏನಾಯಿತು ಅನ್ನುವುದನ್ನು ನೀನು ನೋಡಲಿಲ್ಲ. ಸ್ಟೇರಿಂಗಿನ ಮೇಲೆ ತಲೆ ಇಟ್ಟುಕೊಂಡಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನರೇಶ ಓಡಿ ಬಂದು ಜೀಪು ಬಂತು ಅಂದ. ನಾವು ಬೇಗ ಬೇಗ ಇಳಿದು ಹೋದೆವು. ನೀರು ಮಂಡಿಮಟ್ಟ ಇತ್ತು, ಅಷ್ಟೇ. ಹಿಂದಿನ ದಿನದ ಮಳೆಯ ಕೆಂಪು ನೀರು. ಜೀಪು ಎತ್ತರವಾಗಿ, ಗುರುತೇ ಸಿಗದ ಹಾಗೆ ನಿಂತಿತ್ತು. ಆ ಟೈರಿಗೆ ಇಂಥ ನೀರು ಒಂದು ಲೆಕ್ಕವಲ್ಲ ಅನ್ನುವುದು ನನಗೂ ಗೊತ್ತಾಯಿತು, ನಿನಗೂ ಗೊತ್ತಿತ್ತು. ನೀನು ಇಂಜಿನ್ ಆಫ್ ಮಾಡಿದೆ. ನರೇಶ ಈ ಕಡೆಯಿಂದ, "ಬಾರಣ್ಣಾ, ಏನೂ ಆಗಕಿಲ್ಲ, ನಾನ್ ಮುಂದೆ ನಡೀತೀನಿ, ಹಿಂದೇ ಬಾ!" ಅಂತ ಕೂಗಿದ. ನಾನು ಅವನ ಭುಜ ಅದುಮಿ ಸುಮ್ಮನಿರಿಸಿದೆ. ಕೂಗಿದರೆ ಬರುವ ಹಾಗಿದ್ದರೆ ಎಂದೋ ಬರುತ್ತಿದ್ದೆ.

ಆಗ ಆ ಹುಡುಗಿ ಇಳಿದಳು, ನೀನು ಬಾಗಿಲ ಕೆಳಗೆ ಬೆಸೆದಿರುವ ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟು. ದಡದಲ್ಲಿ ನಿಂತು ಚಪ್ಪಲಿ ಕೈಗೆ ತೆಗೆದುಕೊಂಡಳು. ಮುಂದೆ ಬರಲೋ ಬೇಡವೋ ಅಂತ ನಿನ್ನ ಕಡೆ ನೋಡಿದಳು. ನೀನು ತಲೆ ಎತ್ತಲಿಲ್ಲ.

ನಿನ್ನ ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿಗೆ ಇಳಿದಳು. ಮನೆಯ ಮೆಟ್ಟಿಲಿಳಿಯಲೂ ಗೋಡೆ ಹಿಡಿಯುವವಳು. ಆವತ್ತಿನಿಂದ ಅವಳೂ ಆ ನೀರನ್ನು ಕಾಲಿನಿಂದ ಮುಟ್ಟಿರಲಿಲ್ಲ, ಸುಧಾಕರಾ. ಬೂದಿಕೋಟೆಗೆ ಹೋಗಬೇಕಾದರೆ ಗುಟ್ಟದ ಮೇಲಿನ ಸುತ್ತು ದಾರಿಯಲ್ಲಿ ಕುಂಟಿಕೊಂಡಾದರೂ ನಡೆದೇ ಹೋಗುತ್ತಾಳೆ. ನಡುವೆ ಒಂದು ಕಡೆ ನಿಂತಳು. ಎಲ್ಲಿ ಅಂತ ನಿನಗೆ ಗೊತ್ತು. ಆಮೇಲೆ ನಡೆದಳು. ಆಚೆ ದಡ ಹತ್ತಿ ಆ ಹುಡುಗಿಯ ಕೈ ಹಿಡಿದು, "ಬಾರವ್ವ, ಕಾಲು ಊರಿ ಊರಿ ಇಡು, ಕೆಳ್ಗೆ ಕಲ್ಲೈತೆ" ಅಂದಳಂತೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ದಾಟಿದರು. ಯಾರು ಯಾರನ್ನು ದಾಟಿಸಿದರು ಅಂತ ಹೇಳುವುದು ಕಷ್ಟ.

ಮನೆಯಲ್ಲಿ ಅರಿಶಿನ ಕುಂಕುಮ ಕೊಟ್ಟು, ಅಕ್ಕಿ ಬೆಲ್ಲ ತೆಂಗಿನಕಾಯಿ ಹಾಕಿ ಮಡಿಲು ತುಂಬಿದಳು. ಅರುಣಳ ಕಿವಿಯೋಲೆ ಕರಗಿಸಿ ಮಾಡಿಸಿದ ಬಿಲ್ಲೆ. ಪೋಣಿಸುವಾಗ ನಿನ್ನ ಅತ್ತೆಗೆ ಬಿಲ್ಲೆಯ ತೂತು ಕಾಣಲಿಲ್ಲ, ಕಣ್ಣು ತುಂಬಿತ್ತು. "ಕೊಡಿ ಅಮ್ಮಾ" ಅಂತ ಆ ಹುಡುಗಿಯೇ ತೆಗೆದುಕೊಂಡು ಪೋಣಿಸಿಕೊಂಡಳು. "ಅಕ್ಕನ ಫೋಟೋ ತೋರಿಸ್ತೀರಾ?" ಅಂದಳು. ತೋರಿಸಿದೆವು. ಬಹಳ ಹೊತ್ತು ನೋಡಿ, "ಕಿವಿಯೋಲೆ ಇದೇನಾ?" ಅಂತ ಫೋಟೋದ ಮೇಲೆ ಬೆರಳಿಟ್ಟಳು. ಅದೇ. ಒಂದು ಕಜ್ಜಾಯ ತಿಂದು, ಉಳಿದದ್ದನ್ನು ಬಾಳೆ ಎಲೆಯಲ್ಲಿ ಕಟ್ಟಿಸಿಕೊಂಡಳು, "ಅವರು ಬೆಳಗ್ಗೆಯಿಂದ ಏನೂ ತಿಂದಿಲ್ಲ" ಅಂತ.

ನಿನಗೆ ಕಟ್ಟಬೇಕಾದ ನೋಂಪಿ ದಾರವನ್ನೂ ಅವಳ ಕೈಗೇ ಕೊಟ್ಟೆವು. ಕಟ್ಟಿದಳೋ ಇಲ್ಲವೋ?

ನೀವು ಹೋದ ಮೇಲೆ ನಾನೊಬ್ಬನೇ ಆಚೆ ದಡಕ್ಕೆ ಹೋಗಿ ಬಂದೆ. ನಿನ್ನ ಟೈರಿನ ಗುರುತು ಒದ್ದೆ ಮಣ್ಣಿನಲ್ಲಿ ಅಗಲವಾಗಿ, ಅಚ್ಚು ಒತ್ತಿದ ಹಾಗೆ ಬಿದ್ದಿದೆ. ನೀರಿನ ಅಂಚಿನವರೆಗೂ ಬಂದು ನಿಂತಿದೆ. ಅಲ್ಲಿಂದ ಹಿಂದಕ್ಕೆ. ಕುರಿಗಳು ತುಳಿಯದಿರಲೆಂದು ಸುತ್ತ ಜಾಲಿಮುಳ್ಳು ಎಳೆದು ಹಾಕಿದ್ದೇನೆ. ಇದು ಮುದುಕನ ಹುಚ್ಚು, ನರೇಶನಿಗೆ ಹೇಳಬೇಡ.

ಜೀಪು ನಿನ್ನ ಹತ್ತಿರವೇ ಇರಲಿ.

ನಿನ್ನ ಮಾವ
ಕೋದಂಡಪ್ಪ

*

ರಾಬರ್ಟ್‌ಸನ್‌ಪೇಟೆ
16 ಡಿಸೆಂಬರ್ 2024

ಅಪ್ಪ ಅಮ್ಮನಿಗೆ ರಾಧಾಮಣಿ ಮಾಡುವ ನಮಸ್ಕಾರಗಳು. ಹಾಗೆ ಕರೆಯಬಹುದೋ ಇಲ್ಲವೋ ಕೇಳದೆ ಬರೆದಿದ್ದೇನೆ. ನಾನು ಓದಿದ್ದು ತಮಿಳು ಶಾಲೆಯಲ್ಲಿ, ಕನ್ನಡ ಬರೆಯುವುದರಲ್ಲಿ ತಪ್ಪಿದ್ದರೆ ಬೈಯಬೇಡಿ.

ಹಬ್ಬಕ್ಕೆ ಮುಂಚೆ ನನ್ನ ಹೆತ್ತ ಅಮ್ಮ ನನ್ನನ್ನು ತಡೆದಳು. "ಅವ್ರ ಪೊಣ್ಣು ಸತ್ತ ಮನೆಗೆ ನೀ ಹೋಗೋದು ಎದುಕ್ಕು?" ಅಂದಳು. ಬಂದು ಹೋದ ಮೇಲೆ ಬಿಲ್ಲೆ ತೋರಿಸಿದೆ. ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ದಾರ ಅವರಿಗೆ ಕಟ್ಟಿದೆ. ಇನ್ನೂ ಬಿಚ್ಚಿಲ್ಲ, ಗ್ರೀಸಿನಲ್ಲಿ ಕಪ್ಪಗಾಗಿದೆ. ಅಮ್ಮ ಹೇಳಿ ಬರೆಸಿದ ಕಾಗದವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಒಗೆಯಲು ಹಾಕುವಾಗ ತೆಗೆದು ಇನ್ನೊಂದು ಅಂಗಿಗೆ ಹಾಕುತ್ತಾರೆ. ಜೀಪಿನ ಮೆಟ್ಟಿಲು ನನಗೆ ಬೆಸೆದದ್ದು ಅಂದುಕೊಂಡಿದ್ದೆ. ಅಮ್ಮನ ಮಂಡಿಗೆ ಅಂತ ಅಂಗಡಿಯಲ್ಲಿ ಬೇರೆಯವರ ಹತ್ತಿರ ಹೇಳುವಾಗ ಕೇಳಿಸಿತು.

ಒಂದು ವಿಷಯ ನಿಮ್ಮನ್ನು ಕೇಳಬೇಕು. ಹಬ್ಬವಾದ ಮೇಲೆ ಪ್ರತಿ ಭಾನುವಾರ ಬೆಳಗ್ಗೆ ಜೀಪು ತೆಗೆದುಕೊಂಡು ಒಬ್ಬರೇ ಹೋಗುತ್ತಾರೆ. ಎಲ್ಲಿಗೆ ಅಂತ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮಧ್ಯಾಹ್ನಕ್ಕೆ ಬಂದು ಊಟ ಮಾಡದೆ ಮಲಗುತ್ತಾರೆ. ಟೈರಿನಲ್ಲಿ ಕೆಂಪು ಮಣ್ಣು ಒಣಗಿ ಅಂಟಿರುತ್ತದೆ. ನಿನ್ನೆ ನೋಡಿದೆ, ಮುಂದಿನ ಎರಡು ಟೈರಿನ ಗೆರೆಗಳಲ್ಲಿ ಮಾತ್ರ ಒದ್ದೆ ಮರಳು ಹತ್ತಿತ್ತು. ಹಿಂದಿನವು ಒಣಗಿದ್ದವು. ಅವರು ಬರುವುದು ನಿಮಗೆ ಗೊತ್ತಾ? ಗೊತ್ತಿದ್ದರೆ ದಡಕ್ಕೆ ಬಂದು ಕಾಯಬೇಡಿ. ನೀವು ಕಂಡರೆ ಇನ್ನು ಬರುವುದಿಲ್ಲ ಅಂತ ನನಗೆ ಅನಿಸುತ್ತದೆ. ಹೀಗೆ ಬರೆದದ್ದು ತಪ್ಪಾದರೆ ಕ್ಷಮಿಸಿ.

ನಿಮ್ಮ ರಾಧಾಮಣಿ

*

ತುಮ್ಮಗುಟ್ಟ
23 ಡಿಸೆಂಬರ್ 2024

ಮಗಳು ರಾಧಾಮಣಿಗೆ ನಿನ್ನ ಅಪ್ಪ ಅಮ್ಮನ ಆಶೀರ್ವಾದ.

ನಿನ್ನ ಕನ್ನಡದಲ್ಲಿ ತಪ್ಪೇನೂ ಇಲ್ಲ. ಹಾಗೇ ಕರೆ, ಹಾಗೇ ಬರೆ.

ನಾವು ದಡಕ್ಕೆ ಹೋಗುವುದಿಲ್ಲ, ಚಿಂತೆ ಬೇಡ. ಅವನು ಬರುವುದು ನಮಗೆ ಗೊತ್ತು. ನಮ್ಮ ಮನೆ ಗುಟ್ಟದ ಬುಡದಲ್ಲಿದೆ. ವಂಕದಲ್ಲಿ ಬಂಡಿ ಇಳಿದರೂ ಸದ್ದು ಇಲ್ಲಿಗೆ ಬರುತ್ತದೆಂದು ಹೇಳುತ್ತಾರೆ. ನನ್ನ ಕಿವಿಗೆ ಏನೂ ಇಲ್ಲ. ಆದರೆ ಭಾನುವಾರ ಬೆಳಗ್ಗೆ ನಿನ್ನ ಅಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂರುತ್ತಾಳೆ, ನಾನು ಎದುರಿಗೆ ಕೂರುತ್ತೇನೆ. ಸುಲಿಯುತ್ತಾ ಸುಲಿಯುತ್ತಾ ಅವಳ ಕೈ ನಿಲ್ಲುತ್ತದೆ. ಆಗ ಜೀಪು ಬಂತು ಅಂತ ನನಗೆ ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಆಡುತ್ತದೆ. ಆಗ ಹಿಂದಕ್ಕೆ ಹೋಯಿತು ಅಂತ. ಅವಳು ನನಗೆ ಹೇಳುವುದಿಲ್ಲ, ನಾನು ಅವಳನ್ನು ಕೇಳುವುದಿಲ್ಲ. ನೀನೂ ಅವನೂ ಅಲ್ಲಿ ಇರುವ ಹಾಗೆಯೇ ನಾವು ಇಲ್ಲಿ.

ಮುಂದಿನ ಟೈರು ಒದ್ದೆಯಾದದ್ದನ್ನು ನಿನ್ನ ಅಮ್ಮನಿಗೆ ಹೇಳಿದೆ. ಅವಳು ಒಳಗೆ ಹೋಗಿ ಒಂದು ಒಣಗಿದ ಟವೆಲ್ಲು ತಂದು ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿದಳು.

ಅವನಿಗೆ ಇದೆಲ್ಲ ಹೇಳಬೇಡ. ಬೆಳಗ್ಗೆ ಹೊರಡುವಾಗ ಹೊಟ್ಟೆಗೆ ಏನಾದರೂ ಕೊಟ್ಟು ಕಳಿಸು.

ನಿನ್ನೆ ಭಾನುವಾರ ಅವಳ ಕೈ ಬಹಳ ಹೊತ್ತು ನಿಂತೇ ಇತ್ತು.

ಅಪ್ಪ
ಕೋದಂಡಪ್ಪ